ಮಕ್ಕಳನ್ನು ಕೆಲವು ತಿಂಗಳು ಸಂಸ್ಥೆಯಲ್ಲಿ ಬಿಟ್ಟು ಮರಳಿ ಕರೆತಂದ ನನ್ನ ಅನುಭವ

ನನ್ನ ಇಬ್ಬರು ಮಕ್ಕಳು ಈ ಸಲದ ಮಳೆಗಾಲದ ಬಹುಪಾಲನ್ನು ನನ್ನಿಂದ ದೂರವಾಗಿ, ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಮಂಗಳೂರಿನ ಒಂದು ಸಂಸ್ಥೆಯಲ್ಲಿ ಕಳೆದರು. ಈಗ ಇಬ್ಬರೂ ಮನೆಗೆ ಮರಳಿದ್ದಾರೆ. ಆ ದಿನಗಳಲ್ಲಿ ಯಾರನ್ನು ಕೇಳಬೇಕು, ಯಾವ ಕಾಗದಕ್ಕೆ ಸಹಿ ಹಾಕಬಹುದು, ಯಾವುದಕ್ಕೆ ಹಾಕಬಾರದು ಎಂದು ಬಿಡಿಸಿ ಹೇಳುವವರು ನನಗೆ ಸುಲಭವಾಗಿ ಸಿಗಲಿಲ್ಲ. ಸಿಕ್ಕವರಲ್ಲಿ ಹೆಚ್ಚಿನವರು ಹೆದರಿಸಿದರು. ಒಬ್ಬರೇ ಮಕ್ಕಳನ್ನು ಸಾಕುತ್ತಿರುವ ಇನ್ಯಾರಿಗಾದರೂ ಇಂಥ ಪರಿಸ್ಥಿತಿ ಬಂದರೆ ನೆರವಾಗಲಿ ಎಂದು, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನನ್ನ ಊರು ಹಾವೇರಿ ಕಡೆ. ಮದುವೆಯಾದ ಮೇಲೆ ಮಂಗಳೂರಿಗೆ ಬಂದವಳು. ಪತಿ 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ತೀರಿಕೊಂಡರು. ಆಗ ಮಗ ನನ್ನ ಹೊಟ್ಟೆಯಲ್ಲಿದ್ದ. ಒಂದು ಚಿಕ್ಕ ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮಗಳು ಮೂರನೇ ತರಗತಿ, ಮಗನಿಗೆ ನಾಲ್ಕು ವರ್ಷ. ಜುಲೈ ತಿಂಗಳ ಒಂದು ಸಂಜೆ ಶಾಲೆಯಿಂದ ಬರುವಾಗ ನಂತೂರು ವೃತ್ತದ ಹತ್ತಿರ ಮಳೆಯಲ್ಲಿ ಸ್ಕೂಟರ್ ಜಾರಿ ಬಿದ್ದೆ. ತೊಡೆಯ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿ ರಾಡ್ ಹಾಕಿದರು. ಕೆಲವು ವಾರ ಕಾಲು ನೆಲಕ್ಕೆ ಊರುವಂತಿಲ್ಲ, ಆಮೇಲೆ ವಾಕರ್, ಅದಾದ ಮೇಲೆ ನೋಡೋಣ ಎಂದರು ವೈದ್ಯರು.

ಮೊದಲ ದಿನಗಳಲ್ಲಿ ನಮ್ಮ ವಠಾರದಲ್ಲಿ ಎಲ್ಲರೂ 'ಬಾಯಿ' ಎಂದು ಕರೆಯುವ ನೆರೆಮನೆಯಾಕೆ ಮಕ್ಕಳನ್ನು ತಮ್ಮ ಮನೆಯಲ್ಲಿ ಇರಿಸಿಕೊಂಡರು. ಆದರೆ ಅವರ ಮಗಳಿಗೆ ಕುವೈತಿನಲ್ಲಿ ಹೆರಿಗೆ. ವಿಮಾನದ ಟಿಕೆಟ್ ಆಗಲೇ ಆಗಿತ್ತು. ನನ್ನ ಅಮ್ಮ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಅಣ್ಣ ಕೆಲಸ ಹುಡುಕಿಕೊಂಡು ಪುಣೆಗೆ ಹೋದವನು, ನಾಲ್ಕು ಜನರ ಜತೆ ಒಂದು ಕೋಣೆಯಲ್ಲಿದ್ದಾನೆ. ಗಂಡನ ಮನೆಯವರ ಜತೆ ಮಾತಿಲ್ಲ. "ಟೀಚರ್, ನಾನು ಟಿಕೆಟ್ ರದ್ದು ಮಾಡಿಸಲಾ?" ಎಂದು ಬಾಯಿ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರು. ಬೇಡ ಎಂದೆ. ಹೇಳಿದ ಮೇಲೆ ರಾತ್ರಿಯಿಡೀ ನಿದ್ದೆ ಬರಲಿಲ್ಲ.

1098ರ ವಿಷಯ ಹೇಳಿದವರು ವಾರ್ಡಿನ ನರ್ಸ್. ಅದು ಮಕ್ಕಳ ಸಹಾಯವಾಣಿ. ದಿನದ 24 ಗಂಟೆಯೂ ಇದೆ, ಕರೆಗೆ ದುಡ್ಡು ತಗಲುವುದಿಲ್ಲ. ತಪ್ಪಿಸಿಕೊಂಡ ಮಕ್ಕಳಿಗೆ, ಹಿಂಸೆಗೆ ಒಳಗಾದ ಮಕ್ಕಳಿಗೆ ಮಾತ್ರ ಎಂದು ನಾನು ತಿಳಿದಿದ್ದೆ. ಪಕ್ಕದ ಹಾಸಿಗೆಯವರ ಸಂಬಂಧಿಕರಂತೂ "ಅಲ್ಲಿಗೆ ಫೋನ್ ಮಾಡಿದರೆ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ, ಮತ್ತೆ ಕೊಡುವುದಿಲ್ಲ" ಎಂದರು. ಬೇರೆ ದಾರಿ ಇರಲಿಲ್ಲ. ಮಾಡಿದೆ. ಹೆಸರು, ಮಕ್ಕಳ ವಯಸ್ಸು, ಈಗ ಎಲ್ಲಿದ್ದಾರೆ, ಊಟ ತಿಂಡಿ ಆಗುತ್ತಿದೆಯೇ ಎಂದು ಸಾವಧಾನವಾಗಿ ಕೇಳಿದರು. ಮರುದಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಒಬ್ಬ ಮಹಿಳೆ ಆಸ್ಪತ್ರೆಗೇ ಬಂದರು.

ಅವರು ಕೇಳಿದ ಮೊದಲ ಪ್ರಶ್ನೆ ಸಂಸ್ಥೆಯ ಬಗ್ಗೆ ಆಗಿರಲಿಲ್ಲ. ನಂಬಿಕೆಯ ನೆಂಟರು ಯಾರಾದರೂ ಇದ್ದಾರೆಯೇ, ಪರಿಚಯದ ಕುಟುಂಬ ಇದೆಯೇ, ಬಾಯಿ ಎಷ್ಟು ದಿನ ಇರುತ್ತಾರೆ ಎಂದೆಲ್ಲ ಕೇಳಿದರು. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ. ಮೊದಲ ಹೊಣೆ ಮತ್ತು ಮೊದಲ ಹಕ್ಕು ಕುಟುಂಬದ್ದು. ಹೆತ್ತವರು ಕಾಯಿಲೆ ಬಿದ್ದು ಅಥವಾ ಬೇರೆ ಕಾರಣದಿಂದ ನೋಡಿಕೊಳ್ಳಲಾಗದ ಸ್ಥಿತಿಯಲ್ಲಿದ್ದರೆ ಅವರ ಮಕ್ಕಳೂ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವವರ ಪಟ್ಟಿಗೆ ಸೇರುತ್ತಾರೆ. ಆದೇಶ ಮಾಡುವುದು ಮಕ್ಕಳ ಕಲ್ಯಾಣ ಸಮಿತಿ: ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ಪೊಲೀಸ್ ಠಾಣೆ, ಕೋರ್ಟು ಎಂಬ ಭಯ ಬೇಕಿಲ್ಲ ಎಂದು ಆಕೆ ಮತ್ತೆ ಮತ್ತೆ ಹೇಳಿದರು.

ಕಾಗದಪತ್ರಗಳ ವಿಷಯದಲ್ಲಿ ಎರಡು ಕಡೆ ಸಿಕ್ಕಿಹಾಕಿಕೊಂಡೆವು. ಮೊದಲನೆಯದು ವೈದ್ಯರ ಪತ್ರ. ಕರ್ತವ್ಯದಲ್ಲಿದ್ದ ಕಿರಿಯ ವೈದ್ಯರು "ವಿಶ್ರಾಂತಿ ಅಗತ್ಯ" ಎಂದಷ್ಟೇ ಬರೆದುಕೊಟ್ಟಿದ್ದರು. ಅದು ಸಾಲುವುದಿಲ್ಲ. ಏನು ಆಗಿದೆ, ಎಷ್ಟು ಕಾಲ ನಡೆಯುವಂತಿಲ್ಲ, ಮಕ್ಕಳನ್ನು ಎತ್ತಿ ನೋಡಿಕೊಳ್ಳಲು ಯಾವಾಗ ಸಾಧ್ಯವಾಗಬಹುದು ಎಂಬುದು ಪತ್ರದಲ್ಲಿ ಇರಬೇಕು. ಆ ಅವಧಿ ಬರೆದಿದ್ದರೆ ಸಮಿತಿಯ ಆದೇಶವೂ ತಾತ್ಕಾಲಿಕ ಎಂಬುದು ಮೊದಲ ದಿನದಿಂದಲೇ ದಾಖಲೆಯಲ್ಲಿ ಉಳಿಯುತ್ತದೆ. ದೊಡ್ಡ ವೈದ್ಯರು ರೌಂಡ್ಸಿಗೆ ಬರುವ ತನಕ ಕಾದು ಹೊಸ ಪತ್ರ ಪಡೆದೆ. ಎರಡನೆಯದು ಆಧಾರ್. ನನ್ನ ಕಾರ್ಡಿನಲ್ಲಿ ಇನ್ನೂ ಹಾವೇರಿ ಜಿಲ್ಲೆಯ ವಿಳಾಸ. ಪ್ರಕರಣ ಅಲ್ಲಿಯ ಸಮಿತಿಗೆ ಹೋಗಬೇಕೇ ಎಂಬ ಪ್ರಶ್ನೆ ಎದ್ದಿತು. ಬಾಡಿಗೆ ಕರಾರು ಪತ್ರ, ಮಗಳ ಶಾಲೆಯ ವ್ಯಾಸಂಗ ಪ್ರಮಾಣಪತ್ರ ತೋರಿಸಿದ ಮೇಲೆ ಬಗೆಹರಿಯಿತು. ಇವುಗಳ ಜತೆ ಮಕ್ಕಳ ಜನನ ಪ್ರಮಾಣಪತ್ರ, ಪತಿಯ ಮರಣ ಪ್ರಮಾಣಪತ್ರ, ರೇಷನ್ ಕಾರ್ಡ್, ಮಗನ ಲಸಿಕೆಯ ವಿವರವಿದ್ದ ತಾಯಿ ಕಾರ್ಡ್, ಮೂವರ ಫೋಟೊ ಬೇಕಾದವು. ಎಲ್ಲವನ್ನೂ ಹುಡುಕಿ, ಜೆರಾಕ್ಸ್ ಮಾಡಿಸಿ ತಂದುಕೊಟ್ಟದ್ದು ನನ್ನ ಸಹೋದ್ಯೋಗಿ. ಒಂಟಿಯಾಗಿ ಮಕ್ಕಳನ್ನು ಸಾಕುವವರು ಈ ಕಾಗದಗಳನ್ನೆಲ್ಲ ಒಂದು ಫೈಲಿನಲ್ಲಿಟ್ಟು, ಅದು ಎಲ್ಲಿದೆ ಎಂದು ನಂಬಿಕಸ್ಥರೊಬ್ಬರಿಗೆ ಇವತ್ತೇ ಹೇಳಿಡಿ.

ಅತಿ ಹೆಚ್ಚು ನಡುಗಿದ್ದು ಇದಾದ ಮೇಲೆ. ಮಗನಿಗೆ ಆರು ವರ್ಷ ತುಂಬಿರಲಿಲ್ಲವಾದ್ದರಿಂದ ಅವನಿಗೆ ಒಂದು ಕಡೆ, ಮಗಳಿಗೆ ಇನ್ನೊಂದು ಕಡೆ ಜಾಗ ಇದೆ ಎಂದರು. ಮಗನಿಗೆ ಸೂಚಿಸಿದ ಸಂಸ್ಥೆಯ ಹೆಸರಿನಲ್ಲಿ 'ದತ್ತು' ಎಂಬ ಪದವಿತ್ತು. ಅದನ್ನು ಓದಿ ನನ್ನ ಕೈಕಾಲು ತಣ್ಣಗಾಯಿತು. ಫೋನ್ ಮಾಡಿದ ದೂರದ ನೆಂಟರೊಬ್ಬರು "ಅನಾಥಾಶ್ರಮಕ್ಕೆ ಹಾಕುತ್ತಿದ್ದೀಯಾ? ನಾಳೆ ಯಾರೋ ಶ್ರೀಮಂತರು ಬಂದು ಕರೆದುಕೊಂಡು ಹೋಗುತ್ತಾರೆ ನೋಡು" ಎಂದರು.

ಘಟಕದ ಮಹಿಳೆಯನ್ನು ಮತ್ತೆ ಕರೆಸಿ, ಇದನ್ನು ಸ್ಪಷ್ಟ ಮಾಡಿಕೊಳ್ಳದೆ ಮುಂದೆ ಹೋಗುವುದಿಲ್ಲ ಎಂದೆ. ಅವರು ವಿವರಿಸಿದ್ದು ಇಷ್ಟು. ಆರು ವರ್ಷದೊಳಗಿನ ಅನಾಥ, ಪರಿತ್ಯಕ್ತ ಮಕ್ಕಳನ್ನು ಹಾಗೂ ಹೆತ್ತವರೇ ಶಾಶ್ವತವಾಗಿ ಬಿಟ್ಟುಕೊಟ್ಟ ಮಕ್ಕಳನ್ನು ದತ್ತು ಕೇಂದ್ರಗಳಲ್ಲಿ ಇರಿಸುತ್ತಾರೆ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಆಯಾಗಳು, ತೊಟ್ಟಿಲು, ಹಾಲಿನ ವ್ಯವಸ್ಥೆ ಅಲ್ಲಿ ಇರುವುದರಿಂದ ಬೇರೆ ಚಿಕ್ಕ ಮಕ್ಕಳನ್ನೂ ಅಲ್ಪ ಕಾಲಕ್ಕೆ ಕಳಿಸುವುದುಂಟು. ಅಷ್ಟಕ್ಕೇ ಯಾರೂ ದತ್ತು ಕೊಡುವಂತಿಲ್ಲ. ತಾಯಿ ತಂದೆ ಮಗುವನ್ನು ಪೂರ್ತಿಯಾಗಿ ಬಿಟ್ಟುಕೊಡುವುದಾಗಿ ಸಮಿತಿಯ ಎದುರು ಪತ್ರ ಮಾಡಿಕೊಟ್ಟರೆ ಮಾತ್ರ ಆ ಪ್ರಕ್ರಿಯೆ ಬೇರೆ. ಆಗಲೂ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವನ್ನು ಕಾಯ್ದೆ ಕೊಡುತ್ತದೆ. ನನ್ನದು ತಾತ್ಕಾಲಿಕ ಆರೈಕೆಯ ಕೋರಿಕೆ. ನೀವೂ ಸಹಿ ಮಾಡುವ ಮುನ್ನ ಕಾಗದವನ್ನು ಪೂರ್ತಿ ಓದಿಸಿಕೊಳ್ಳಿ. 'ಚಿಕಿತ್ಸೆ ಮುಗಿಯುವ ತನಕ', 'ತಾತ್ಕಾಲಿಕವಾಗಿ', 'ಮಕ್ಕಳನ್ನು ಮರಳಿ ಪಡೆಯುವ ಉದ್ದೇಶವಿದೆ' ಎಂಬ ಮಾತುಗಳು ನಿಮ್ಮ ಅರ್ಜಿಯಲ್ಲಿ ಇರಲಿ. ನಾನು ಮೂರನ್ನೂ ಬರೆದೆ.

ಅಕ್ಕ ತಮ್ಮ ಬೇರೆ ಬೇರೆ ಇರುವುದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಅಪ್ಪನನ್ನು ನೋಡದ ಹುಡುಗ, ಅಮ್ಮನೂ ಕಾಣದಾದಾಗ ಅವನಿಗೆ ಉಳಿಯುವುದು ಅಕ್ಕ ಒಬ್ಬಳೇ. ಮೊದಲು ವಿಚಾರಿಸಿದ ಒಂದು ಸಂಸ್ಥೆ ಮಗಳನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದಿತು. ಕೊನೆಗೆ ಸಮಿತಿಯಿಂದ ಅರ್ಹ ಸಂಸ್ಥೆ ಎಂದು ಮಾನ್ಯತೆ ಪಡೆದಿದ್ದ, ಕ್ರೈಸ್ತ ಭಗಿನಿಯರು ನಡೆಸುವ ಒಂದು ಮನೆ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳಲು ಒಪ್ಪಿತು. ಕೇಳದಿದ್ದರೆ ಈ ಜಾಗ ಇದೆ ಎಂದೇ ನನಗೆ ಗೊತ್ತಾಗುತ್ತಿರಲಿಲ್ಲ. ಒಡಹುಟ್ಟಿದವರನ್ನು ಒಟ್ಟಿಗೆ ಇಡಿ ಎಂದು ಬರವಣಿಗೆಯಲ್ಲೇ ಕೇಳಿ.

ಮಕ್ಕಳಿಗೆ ಹೇಳುವ ಕೆಲಸ ನನ್ನದೇ ಆಗಬೇಕಿತ್ತು. ಬಾಯಿ ಇಬ್ಬರನ್ನೂ ವಾರ್ಡಿಗೆ ಕರೆತಂದರು. "ಪಿಕ್ನಿಕ್‌ಗೆ ಹೋಗುತ್ತೀರಿ ಎಂದು ಹೇಳಿಬಿಡಿ" ಎಂದು ಒಬ್ಬರು ಸಲಹೆ ಕೊಟ್ಟಿದ್ದರು. ನಾನು ಸುಳ್ಳು ಹೇಳಲಿಲ್ಲ. ಕಾಲಿನ ಪಟ್ಟಿ ತೋರಿಸಿ, ಇದು ಒಣಗುವವರೆಗೆ ಅಮ್ಮನಿಗೆ ನಿಲ್ಲಲು ಆಗುವುದಿಲ್ಲ, ಅಲ್ಲಿಯ ತನಕ ನೀವು ಸಿಸ್ಟರ್ ಮನೆಯಲ್ಲಿ ಇರುತ್ತೀರಿ, ದಿನಾ ಫೋನ್ ಮಾಡುತ್ತೇನೆ, ನಡೆಯಲು ಬಂದ ಮೇಲೆ ಕರೆದುಕೊಂಡು ಬರುತ್ತೇನೆ ಎಂದೆ. ಇಂತಿಷ್ಟೇ ದಿನ ಎಂದು ಮಾತು ಕೊಡಲಿಲ್ಲ. ಮಗಳು "ಪುಟ್ಟನನ್ನು ನಾನು ನೋಡಿಕೊಳ್ಳುತ್ತೇನೆ" ಎಂದಳು. ಎಂಟು ವರ್ಷದ ಹುಡುಗಿಯ ಬಾಯಲ್ಲಿ ಆ ಮಾತು ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು.

ಅವರ ಜತೆ ಒಂದು ಹಾಳೆ ಬರೆದು ಕಳಿಸಿದೆ. ಮಗ ಕುಚ್ಚಲಕ್ಕಿ ಗಂಜಿಗೆ ತೆಂಗಿನಕಾಯಿ ಚಟ್ನಿ ಇದ್ದರೆ ಮಾತ್ರ ಉಣ್ಣುತ್ತಾನೆ, ಮಲಗುವಾಗ ಪಕ್ಕದವರ ಕಿವಿಯ ತುದಿ ಹಿಡಿದುಕೊಳ್ಳುತ್ತಾನೆ, ಮಿಕ್ಸಿಯ ಸದ್ದಿಗೆ ಹೆದರುತ್ತಾನೆ, ರಾತ್ರಿ ಒಂದು ಸಲ ಎಬ್ಬಿಸಿ ಮೂತ್ರ ಮಾಡಿಸಬೇಕು. ಮಗಳಿಗೆ ಸಿಗಡಿ ಆಗಿಬರುವುದಿಲ್ಲ, ಬೇಸರವಾದರೆ ಅಳುವುದಿಲ್ಲ, ಮಾತು ನಿಲ್ಲಿಸುತ್ತಾಳೆ ಎಂದೆಲ್ಲ. ಜತೆಗೆ ನಾನು ಉಡುತ್ತಿದ್ದ ಹಳೆಯ ವಾಯಿಲ್ ಸೀರೆಯ ಒಂದು ತುಂಡು, ಒಗೆಯದೇ. ಆ ಹಾಳೆಯನ್ನು ಅಡುಗೆಮನೆಯ ಬೀರುವಿನ ಬಾಗಿಲಿಗೆ ಅಂಟಿಸಿದ್ದರು ಎಂದು ಆಮೇಲೆ ಮಗಳು ಹೇಳಿದಳು.

ಸಮಿತಿಯ ಮುಂದೆ ಮಕ್ಕಳನ್ನು ಹಾಜರುಪಡಿಸುವ ದಿನ ಅವರ ಜತೆ ಹೋದದ್ದು ಬಾಯಿ ಮತ್ತು ಘಟಕದವರು. ಜೋರು ಮಳೆ, ಶಾಲೆಗಳಿಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟಿದ್ದ ದಿನ. ಬೆಳಿಗ್ಗೆ ಹೋದವರಿಗೆ ಸರದಿ ಬಂದದ್ದು ಮಧ್ಯಾಹ್ನ ಊಟದ ಹೊತ್ತು ದಾಟಿದ ಮೇಲೆ. ಮಕ್ಕಳಿಗೆ ಬಿಸ್ಕತ್ತು, ನೀರು, ಬಣ್ಣದ ಪೆನ್ಸಿಲ್ ಕೊಟ್ಟು ಕಳಿಸಿ. ಸದಸ್ಯರೊಬ್ಬರು ಫೋನಿನಲ್ಲಿ ನನ್ನ ಜತೆಯೂ ಮಾತಾಡಿ ಒಪ್ಪಿಗೆ ಖಚಿತಪಡಿಸಿಕೊಂಡರು. ಆಮೇಲೆ ವೆನ್‌ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯ ತಪಾಸಣೆ. ಸಂಸ್ಥೆ ತಲುಪುವಾಗ ಸಂಜೆ.

ಅಂದು ರಾತ್ರಿ ನಾನು ಫೋನ್ ಮಾಡಿದಾಗ ಅಲ್ಲಿಯ ಒಬ್ಬ ಮೇಲ್ವಿಚಾರಕಿ, "ಒಂದೆರಡು ವಾರ ಫೋನ್ ಬೇಡ. ನಿಮ್ಮ ದನಿ ಕೇಳಿದರೆ ಚಿಕ್ಕವನು ಅಳುತ್ತಾನೆ. ಹೊಂದಿಕೊಳ್ಳಲಿ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಎಷ್ಟೋ ಕಡೆ ಹೀಗೇ ನಡೆದುಬಂದಿದೆಯಂತೆ. ಆದರೆ ದಿನಾ ಫೋನ್ ಮಾಡುತ್ತೇನೆ ಎಂದು ನಾನು ಮಕ್ಕಳಿಗೆ ಮಾತು ಕೊಟ್ಟಿದ್ದೆ. ಘಟಕದ ಆಪ್ತ ಸಮಾಲೋಚಕಿಯನ್ನು ಕೇಳಿದೆ. ಅವರು ನನ್ನ ಪರ ನಿಂತರು. 1950ರ ದಶಕದಲ್ಲೇ ಇಂಗ್ಲೆಂಡಿನಲ್ಲಿ ಜಾನ್ ಬೌಲ್ಬಿ ಮತ್ತು ಜೇಮ್ಸ್ ರಾಬರ್ಟ್‌ಸನ್, ತಾಯಿಯಿಂದ ಅಗಲಿ ಆಸ್ಪತ್ರೆಗಳಲ್ಲಿ ಉಳಿದ ಚಿಕ್ಕ ಮಕ್ಕಳನ್ನು ಗಮನಿಸಿದ್ದರಂತೆ. ಮೊದಲು ಮಗು ಜೋರಾಗಿ ಅತ್ತು ಹುಡುಕುತ್ತದೆ, ಆಮೇಲೆ ಮಂಕಾಗುತ್ತದೆ, ಕೊನೆಗೆ ಏನೂ ಆಗದಂತೆ ಆಡಿಕೊಂಡಿರುತ್ತದೆ. ತಾಯಿ ಬಂದರೂ ಮುಖ ತಿರುಗಿಸುತ್ತದೆ. ನೋಡುವವರು ಅದನ್ನೇ ಹೊಂದಿಕೊಂಡಿತು ಎಂದುಕೊಳ್ಳುತ್ತಾರೆ. ಅಳು ನಿಂತಿದೆ ಎಂದರೆ ನೋವು ನಿಂತಿದೆ ಎಂದಲ್ಲ ಎಂದು ಆಕೆ ಹೇಳಿದ ಮಾತು ನನಗೆ ಆ ತಿಂಗಳುಗಳಲ್ಲಿ ಊರುಗೋಲಾಯಿತು.

ಸಮಾಲೋಚಕಿಯ ಸಲಹೆಯಂತೆ ಸಮಿತಿಗೆ ಒಂದು ಸಣ್ಣ ಅರ್ಜಿ ಕೊಟ್ಟೆ. ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಎಂಬ ದಾಖಲೆ ಮಾಡುತ್ತಾರೆ. ಅದರಲ್ಲೇ ದಿನಕ್ಕೊಂದು ಕರೆ, ವಾರಕ್ಕೊಂದು ಭೇಟಿ ಎಂದು ಬರೆಸಿಕೊಂಡೆ. ನನ್ನ ಇಡೀ ಅನುಭವದಲ್ಲಿ ಒಂದೇ ಒಂದು ಸಂಗತಿಯನ್ನು ನೀವು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಲಿ. ಬಾಯಿಮಾತಿನ ಒಪ್ಪಂದ ಪಾಳಿ ಬದಲಾದಂತೆ ಬದಲಾಗುತ್ತದೆ. ಬರವಣಿಗೆಯಲ್ಲಿದ್ದರೆ ಹೊಸದಾಗಿ ಬಂದ ಆಯಾ ಕೂಡ ಸಂಜೆ ಆರೂವರೆಗೆ ಫೋನ್ ತಂದು ಮಕ್ಕಳ ಕೈಗೆ ಕೊಡುತ್ತಾರೆ.

ಮಗ ಆರಂಭದಲ್ಲಿ ಮಾತಾಡಲೇ ಇಲ್ಲ. ವಿಡಿಯೊ ಕರೆಯಲ್ಲಿ ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ನಾನು ಅವನ ಬೆನ್ನಿಗೇ ಕಥೆ ಹೇಳುತ್ತಿದ್ದೆ. ಕಾಗಕ್ಕ ಗುಬ್ಬಕ್ಕನ ಕಥೆಯಲ್ಲಿ ಗುಬ್ಬಕ್ಕ "ತಾಳು, ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ" ಎನ್ನುವ ಜಾಗಕ್ಕೆ ಬಂದಾಗ ಒಂದು ಸಂಜೆ ಅವನು ತಿರುಗದೆಯೇ ಮುಂದಿನ ಸಾಲು ಹೇಳಿದ. ನಿಮ್ಮ ಮಗುವೂ ಮುಖ ತಿರುಗಿಸಿದರೆ ಕರೆ ಕಡಿತಗೊಳಿಸಬೇಡಿ. ಕೇಳಿಸಿಕೊಳ್ಳುತ್ತಾ ಇರುತ್ತದೆ.

ಭೇಟಿಗಳದ್ದು ಬೇರೆಯೇ ಕಷ್ಟ. ನನಗೆ ಏಳಲಾಗದು. ಸಂಸ್ಥೆಯ ಹಿರಿಯ ಸಿಸ್ಟರ್ ಒಬ್ಬರು ತಮ್ಮ ವಾಹನ ಬೇರೆ ಕೆಲಸಕ್ಕೆ ಪೇಟೆಗೆ ಬರುವ ದಿನವನ್ನೇ ಭೇಟಿಯ ದಿನ ಮಾಡಿ ಮಕ್ಕಳನ್ನು ಆಸ್ಪತ್ರೆಗೆ ಕರೆತಂದರು. ಅವರು ಮಾಡಿದ ಒಂದು ಕೆಲಸವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮಗಳನ್ನು ತಲೆ ಬಾಚದೆ ಕರೆತರುತ್ತಿದ್ದರು. ಬಾಚಣಿಗೆ, ಎಣ್ಣೆ, ರಿಬ್ಬನ್ ಒಂದು ಚೀಲದಲ್ಲಿ. "ಟೀಚರ್, ಇದು ನಿಮ್ಮ ಕೆಲಸ, ನಾವು ಮುಟ್ಟಿಲ್ಲ" ಎಂದು ಮಂಚದ ಮೇಲೆ ಇಡುತ್ತಿದ್ದರು. ನಾನು ದಿಂಬಿಗೆ ಒರಗಿ ಕೂತು ಎರಡು ಜಡೆ ಹೆಣೆಯುತ್ತಿದ್ದೆ. ಮಗನ ಉಗುರು ಕತ್ತರಿಸುವುದೂ ನನಗೇ ಮೀಸಲು. ಶಾಲೆಯ ಡೈರಿಗೆ ಸಹಿ, ಜ್ವರ ಬಂದಾಗ ಯಾವ ವೈದ್ಯರಿಗೆ ತೋರಿಸಬೇಕು ಎಂಬ ನಿರ್ಧಾರ, ಹುಟ್ಟುಹಬ್ಬಕ್ಕೆ ಯಾವ ಬಣ್ಣದ ಅಂಗಿ, ಎಲ್ಲದಕ್ಕೂ ನನ್ನನ್ನು ಕೇಳಿದರು. ಹೊಟ್ಟೆಗೆ ಹಾಕಿ, ಮಲಗಿಸಿ, ಸುರಕ್ಷಿತವಾಗಿ ನೋಡಿಕೊಳ್ಳುವ ಸಂಸ್ಥೆಗಳು ಹಲವು ಇರಬಹುದು. ತಾಯಿಯ ಜಾಗವನ್ನು ಖಾಲಿಯಾಗಿಯೇ ಕಾಯ್ದಿಟ್ಟು ಅವಳಿಗೆ ವಾರ ವಾರ ಬಿಟ್ಟುಕೊಡುವುದು ಎಲ್ಲ ಕಡೆ ಸಿಗಲಿಕ್ಕಿಲ್ಲ. ಸಿಗದಿದ್ದರೆ ನೀವೇ ಕೇಳಿ. ಭೇಟಿಯ ಹೊತ್ತಿನಲ್ಲಿ ಊಟ ನಾನೇ ಮಾಡಿಸಲೇ, ತಲೆ ನಾನೇ ಬಾಚಲೇ ಎಂದು ಕೇಳಿದರೆ ಬೇಡ ಎನ್ನುವವರು ಕಡಿಮೆ.

ಮಗಳ ವಿಷಯದಲ್ಲೂ ಅವರು ಸೂಕ್ಷ್ಮವಾಗಿದ್ದರು. ತಮ್ಮನ ತಟ್ಟೆ ತೊಳೆದು, ಬಟ್ಟೆ ಮಡಚಿ, ರಾತ್ರಿ ಎದ್ದು ಅವನನ್ನು ನೋಡುತ್ತಿದ್ದಳಂತೆ. "ಇದನ್ನು ಆಂಟಿ ಮಾಡುತ್ತಾರೆ, ನೀನು ಹೋಗಿ ಲಗೋರಿ ಆಡು" ಎಂದು ಕಳಿಸುತ್ತಿದ್ದರಂತೆ. ಶಾಲೆ ಬದಲಾಗದಂತೆಯೂ ನೋಡಿಕೊಂಡರು.

ಕಾಯುವುದರಲ್ಲಿ ಅತಿ ಭಾರವಾದದ್ದು ಕೊನೆಯ ಹಂತ. ವಾಕರ್ ಹಿಡಿದು ಮನೆಗೆ ಬಂದ ಮೇಲೆ ಮಕ್ಕಳನ್ನು ತಕ್ಷಣ ಕರೆತರಬಹುದು ಎಂದು ಬಹಳಷ್ಟು ಜನ ತಿಳಿಯುತ್ತಾರೆ. ಹಾಗಲ್ಲ. ಮರಳಿ ಒಪ್ಪಿಸುವಂತೆ ಅರ್ಜಿ, ವೈದ್ಯರ ಹೊಸ ಪತ್ರ, ಘಟಕದವರು ಮನೆಗೆ ಬಂದು ನೋಡಿ ಬರೆಯುವ ಸಾಮಾಜಿಕ ತನಿಖಾ ವರದಿ, ಆಮೇಲೆ ಸಮಿತಿಯ ಆದೇಶ. ಕಾಯ್ದೆಯ ಪ್ರಕಾರ ಮಗು ಮೊದಲು ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಆಗಬೇಕು. ಅಂತಿಮ ಆದೇಶಕ್ಕೆ ಕನಿಷ್ಠ ಮೂವರು ಸದಸ್ಯರು ಹಾಜರಿರಬೇಕು. ನಮ್ಮ ದಿನ ಇಬ್ಬರೇ ಇದ್ದರು. ಮುಂದಿನ ದಿನಾಂಕ ಕೊಟ್ಟರು. ಮಗಳು ಬ್ಯಾಗ್ ತುಂಬಿಕೊಂಡು ಕೂತಿದ್ದಳು. ಆ ದಿನ ಅವಳಿಗೆ ಹೇಗೆ ಹೇಳಿದೆನೋ. ಹಿಂದಿನ ದಿನವೇ ಕಚೇರಿಗೆ ಫೋನ್ ಮಾಡಿ ಎಷ್ಟು ಸದಸ್ಯರು ಬರುತ್ತಾರೆ ಎಂದು ಕೇಳಿ. ಆದೇಶ ಕೈಗೆ ಬರುವ ತನಕ ಮಕ್ಕಳಿಗೆ ದಿನಾಂಕ ಹೇಳಬೇಡಿ.

ಆ ನಡುವೆ ನೆರವಾದದ್ದು ರಜೆಯ ಅವಕಾಶ. ಸಂಸ್ಥೆಯಲ್ಲಿರುವ ಮಗುವನ್ನು ಹೆತ್ತವರ ತೀವ್ರ ಅನಾರೋಗ್ಯದಂಥ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಏಳು ದಿನ ಮೀರದಂತೆ ಮನೆಗೆ ಕಳಿಸಲು ಸಮಿತಿ ಅನುಮತಿ ಕೊಡಬಹುದು. ಸಮಾಲೋಚಕಿಯೇ ಇದನ್ನು ಸೂಚಿಸಿದರು. ಶನಿವಾರ ಬಂದು ಸೋಮವಾರ ಹೋದರು. ಹೊರಡುವಾಗ ಮಗ ಬಾಗಿಲ ಚಿಲಕ ಹಿಡಿದುಕೊಂಡು ಅತ್ತ. ಅಷ್ಟಾದರೂ ಅದು ಒಳ್ಳೆಯದಾಯಿತು. ಅಮ್ಮ ಈಗ ನಾಲ್ಕು ಕಾಲಿನ ಕೋಲು ಹಿಡಿದು ನಡೆಯುತ್ತಾಳೆ, ಎತ್ತಿಕೊಳ್ಳುವುದಿಲ್ಲ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ ಎಂಬುದನ್ನು ಅವನು ನೋಡಿ ಹೋದ.

ಪೂರ್ತಿಯಾಗಿ ಬಂದದ್ದು ನವರಾತ್ರಿಗೆ ಸ್ವಲ್ಪ ಮುಂಚೆ. ಬೀದಿಯಲ್ಲಿ ಹುಲಿವೇಷದ ತಾಸೆಯ ಸದ್ದು ಕೇಳಿದರೆ ಹೊರಗೆ ಓಡುತ್ತಿದ್ದ ಹುಡುಗ ಈ ಸಲ ನನ್ನ ಸೆರಗು ಬಿಡಲಿಲ್ಲ. ನಾನು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕೂರುತ್ತಿದ್ದ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿತು. ಮಗಳು ಸಣ್ಣ ಸಣ್ಣದಕ್ಕೂ ರೇಗುತ್ತಿದ್ದಳು, ಒಂದು ರಾತ್ರಿ "ನೀನು ಯಾಕೆ ಬಿದ್ದೆ?" ಎಂದು ಕೂಗಿಯೇಬಿಟ್ಟಳು. ಅಷ್ಟು ದಿನ ನುಂಗಿಕೊಂಡದ್ದೆಲ್ಲ ಅಂದು ಹೊರಗೆ ಬಂತು. ಸುರಕ್ಷಿತ ಎನಿಸಿದ ಕಡೆಯೇ ಮಕ್ಕಳು ಸಿಟ್ಟು ತೋರಿಸುವುದು, ಬೈಯಬೇಡಿ ಎಂದು ಸಮಾಲೋಚಕಿ ಮುಂಚೆಯೇ ಹೇಳಿದ್ದರಿಂದ ತಡೆದುಕೊಂಡೆ. ಈಗ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಸಿಸ್ಟರ್‌ಗೆ ವಾರಕ್ಕೊಮ್ಮೆ ಮಕ್ಕಳೇ ಫೋನ್ ಮಾಡುತ್ತಾರೆ. ಅಲ್ಲಿ ಪ್ರೀತಿಸಿದವರನ್ನು ಒಮ್ಮೆಗೇ ಕಳೆದುಕೊಳ್ಳುವುದು ಅವರಿಗೆ ಇನ್ನೊಂದು ಅಗಲಿಕೆಯಾಗುತ್ತಿತ್ತು.

ಖರ್ಚಿನ ಮಾತು. ಸಮಿತಿಗಾಗಲಿ ಸಂಸ್ಥೆಗಾಗಲಿ ಒಂದು ರೂಪಾಯಿ ಕೊಡಬೇಕಾಗಿಲ್ಲ, ಯಾರೂ ಕೇಳಲಿಲ್ಲ. ನನಗೆ ಆದದ್ದು ಜೆರಾಕ್ಸ್, ಫೋಟೊ, ಆಟೊ ಬಾಡಿಗೆ, ಮೊಬೈಲ್ ರೀಚಾರ್ಜ್. ದೊಡ್ಡ ಪೆಟ್ಟು ಸಂಬಳವಿಲ್ಲದ ತಿಂಗಳುಗಳದ್ದು. ಮನೆ ಬಾಡಿಗೆಗೆ ಸಹೋದ್ಯೋಗಿಗಳು ಕೈಜೋಡಿಸಿದರು. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಕ್ಕಳು ಕುಟುಂಬದಲ್ಲೇ ಉಳಿಯಲಿ ಎಂದು ಪ್ರಾಯೋಜಕತ್ವದ ಹೆಸರಿನಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಇದೆ. ವಿಧವೆಯರ ಮಕ್ಕಳಿಗೂ, ಹೆತ್ತವರು ಕಾಯಿಲೆಯಿಂದ ಅಸಹಾಯಕರಾದ ಮಕ್ಕಳಿಗೂ ಅನ್ವಯಿಸುತ್ತದೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಭಾಗದಲ್ಲಿ 72,000, ನಗರದಲ್ಲಿ 96,000 ರೂಪಾಯಿ ಮೀರಿರಬಾರದು. ನನ್ನ ಸಂಬಳ ಆ ಗೆರೆಯಿಂದ ಸ್ವಲ್ಪ ಮೇಲಿದ್ದುದರಿಂದ ಸಿಗಲಿಲ್ಲ. ಈ ಮಿತಿ ತೀರಾ ಕಡಿಮೆ ಎಂದು ಬಲವಾಗಿ ಅನಿಸುತ್ತದೆ. ಮಂಗಳೂರಿನಲ್ಲಿ ತಿಂಗಳಿಗೆ ಎಂಟು ಸಾವಿರದಲ್ಲಿ ಬಾಡಿಗೆ ಕಟ್ಟಿ ಎರಡು ಮಕ್ಕಳನ್ನು ಸಾಕುವುದು ಹೇಗೆ? ಆದರೆ ನಿಮ್ಮ ಆದಾಯ ಅದರೊಳಗಿದ್ದರೆ ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೊಡಿ. ಅಪಘಾತವೋ ಕಾಯಿಲೆಯೋ ಬರುವವರೆಗೆ ಕಾಯಬೇಕಾಗಿಲ್ಲ.

ಘಟಕದವರು ಈಗಲೂ ಆಗಾಗ ಬಂದು ಮಕ್ಕಳನ್ನು ನೋಡಿ ಹೋಗುತ್ತಾರೆ. ಅಕ್ಕಪಕ್ಕದವರು ಏನೆನ್ನುತ್ತಾರೋ ಎಂಬ ಮುಜುಗರ ನನಗೆ ಮೊದಲು ಇತ್ತು, ಈಗ ಇಲ್ಲ. ಸಮಿತಿಯ ಎರಡೂ ಆದೇಶಗಳ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮಗಳ ಶಾಲೆಯಲ್ಲಿ ಹಾಜರಾತಿ ಕಡಿಮೆಯಾದುದಕ್ಕೆ ಕಾರಣ ಕೇಳಿದಾಗಲೂ, ಮಗನನ್ನು ಹೊಸದಾಗಿ ಅಂಗನವಾಡಿಗೆ ಸೇರಿಸುವಾಗಲೂ ನನಗೆ ಕೆಲಸಕ್ಕೆ ಬಂದದ್ದು ಅವೇ.